ಬಡವನ ಮನೆಗೆ ನೆಲವೂ ಬೇಕು

ಬಡವರಿಗೆ ಮನೆ ಕಟ್ಟಿಸಿಕೊಡಬೇಕೆಂಬ ವಿಷಯದಲ್ಲಿ ಈಗ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಕೇಂದ್ರ ಸರ್ಕಾರದವರು 2015ರಲ್ಲಿ ನಗರಗಳಿಗಾಗಿ ಆವಾಸ್ ಯೋಜನೆಯನ್ನು ಹೊರಡಿಸಿ, ತೀರ ಬಡವರ ಮನೆಯ ಒಳವಿಸ್ತೀರ್ಣವನ್ನು 30 ಚದರ ಮೀಟರಿಗೆ ಮಿತಿಗೊಳಿಸಿದರು. ಮನೆ ಎಷ್ಟು ದೊಡ್ಡದೆಂಬುದು ನಿಶ್ಚಯವಾಯಿತು. ಎಂತಹುದೆಂಬುದನ್ನು ವಿಚಾರಿಸಿದವರು ವಿರಳ.

ಶಿಡ್ಲಘಟ್ಟದ ರೇಷ್ಮೆಯ ಬೀದಿಗಳನ್ನು ಬಲ್ಲವರಿಗೆ ಈ ಪ್ರಶ್ನೆಯ ಗುರುತ್ವ ತಿಳಿಯದಿರದು. ಅಲ್ಲಿ ಎಷ್ಟೋ ಮಂದಿಗೆ ಮನೆಯೇ ಅನ್ನದ ಸ್ಥಳ. ಮಾರುಕಟ್ಟೆಯಿಂದ ತಂದ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುವುದಕ್ಕೆ ಒಲೆ ಬೇಕು, ಸೌದೆಗೆ ಸ್ಥಳ ಬೇಕು, ಹಬೆ ಹೊರಹೋಗಲು ದಾರಿ ಬೇಕು. ಇಂತಹ ಕುಟುಂಬವನ್ನು ಮೂರನೆಯ ಅಂತಸ್ತಿಗೇರಿಸಿದರೆ ಸೂರು ದೊರೆತೀತು, ಕಸುಬು ಹೋದೀತು. ಚಿಂತಾಮಣಿಯಲ್ಲಿ ತರಕಾರಿ ಮಾರುವವನ ತಳ್ಳುಗಾಡಿ ಮೆಟ್ಟಿಲೇರಬಲ್ಲುದೆ?

ಅಂತಸ್ತು ಏರಿಸದಿದ್ದರೆ ನೆಲ ಸಾಲದೆಂದು ಹೇಳುವವರುಂಟು. ಈ ಮಾತಿಗೆ ನಮ್ಮ ದೇಶದಲ್ಲಿಯೇ ಉತ್ತರ ದೊರೆತಿದೆ. 1980ರ ದಶಕದಲ್ಲಿ ನವಿ ಮುಂಬಯಿಯ ಬೇಲಾಪುರದಲ್ಲಿ ಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು ಏಳೇಳು ತಗ್ಗಿನ ಮನೆಗಳನ್ನು ಒಂದೊಂದು ಅಂಗಳದ ಸುತ್ತ ನಿಲ್ಲಿಸಿ, ಹೆಕ್ಟೇರಿಗೆ ಸುಮಾರು 500 ಮಂದಿ ವಾಸಿಸುವಂತೆ ಯೋಜಿಸಿದರು. ಪ್ರತಿ ಮನೆಗೂ ಸ್ವಂತ ನೆಲ, ಮುಂದೆ ಬೆಳೆಯಲು ಅವಕಾಶ. ಇಂದೂರಿನ ಅರಣ್ಯ ಬಡಾವಣೆಯಲ್ಲಿ ಬಾಲಕೃಷ್ಣ ದೋಶಿಯವರು ಬಡವರಿಗೆ ನಿವೇಶನ, ಅಡಿಪಾಯ, ನೀರು, ಶೌಚಗಳನ್ನು ಒದಗಿಸಿ, ಉಳಿದುದನ್ನು ಅವರವರ ಶಕ್ತ್ಯನುಸಾರ ಕಟ್ಟಿಕೊಳ್ಳುವಂತೆ ಮಾಡಿದರು. ಆ ಕಾರ್ಯಕ್ಕೆ 1995ರಲ್ಲಿ ಆಗಾ ಖಾನ್ ಪ್ರಶಸ್ತಿ ಸಂದಿತು.

ಒತ್ತಾದ ಮನೆಗಳೆಂದರೆ ರೋಗವೆಂಬ ಭಯವೂ ನಿರಾಧಾರವಲ್ಲ. 1898ರ ಪ್ಲೇಗು ಬೆಂಗಳೂರಿನ ಪೇಟೆಗೆ ಕಲಿಸಿದ ಪಾಠವನ್ನು ಮರೆಯಲಾಗದು. ಆದುದರಿಂದಲೇ ಚರಂಡಿ, ಗಾಳಿ, ಬೆಳಕುಗಳು ಗೋಡೆಗಿಂತ ಮೊದಲು ನಕ್ಷೆಯಲ್ಲಿ ಕಾಣಿಸಬೇಕು. ನೂಲು ಬಿಚ್ಚುವ ಕೊಠಡಿ ಮಕ್ಕಳು ಮಲಗುವ ಕೋಣೆಯಿಂದ ಬೇರೆಯಾಗಿರಬೇಕು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ನಗರಸಭೆಗಳಲ್ಲಿ ನಮ್ಮ ಬಿನ್ನಹವಿಷ್ಟೆ: ಬಡವರ ಮನೆಗಳನ್ನು ಊರಾಚೆಯ ಅಗ್ಗದ ನೆಲಕ್ಕೆ ದೂಡದೆ, ಮಾರುಕಟ್ಟೆಗೆ ನಡೆದು ಹೋಗುವಷ್ಟು ಹತ್ತಿರ ಕಟ್ಟಿಸಿರಿ. ಮನೆ ಎರಡು ಅಂತಸ್ತನ್ನು ಮೀರದಿರಲಿ. ನಾಲ್ಕಾರು ಮನೆಗಳಿಗೊಂದು ಅಂಗಳವಿರಲಿ. ನಕ್ಷೆ ಬರೆಯುವ ಮುನ್ನ ಅದರಲ್ಲಿ ಬಾಳಬೇಕಾದವರನ್ನು ಒಂದು ಮಾತು ಕೇಳಿರಿ. ವಿಶ್ವೇಶ್ವರಯ್ಯನವರ ಹುಟ್ಟೂರಿರುವ ಜಿಲ್ಲೆಯಲ್ಲಿ ಇಷ್ಟು ವಿವೇಚನೆಯನ್ನು ಬೇಡುವುದು ಅತಿಯಾಸೆಯೆಂದು ನಾವು ಭಾವಿಸುವುದಿಲ್ಲ.