ಎರಡನೆಯ ದಿನದ ಮೌನ

ಪಾಸ್ಕ ಜಾಗರಣೆಯ ರಾತ್ರಿ ನಮ್ಮ ದೇವಾಲಯಗಳಲ್ಲಿ ಮೊತ್ತಮೊದಲು ಕೇಳಿಬರುವ ವಾಚನ ಆದಿಕಾಂಡದ ಸೃಷ್ಟಿ ವೃತ್ತಾಂತ. ಪ್ರತಿವರ್ಷವೂ ಕೇಳುವ ಈ ವಾಚನದ ಒಂದು ಸೂಕ್ಷ್ಮವನ್ನು ನಮ್ಮಲ್ಲಿ ಅನೇಕರು ಗಮನಿಸಿರಲಿಕ್ಕಿಲ್ಲ. ತಾವು ಮಾಡಿದ್ದನ್ನು ಕಂಡು ಅದು ಒಳ್ಳೆಯದೆಂದು ದೇವರು ಮೆಚ್ಚಿದ ಮಾತು ಮೊದಲನೆಯ ದಿನಕ್ಕಿದೆ. ಮೂರನೆಯ ದಿನಕ್ಕೆ ಎರಡು ಬಾರಿ ಇದೆ. ಮೇಲಣ ನೀರನ್ನೂ ಕೆಳಗಣ ನೀರನ್ನೂ ಬೇರ್ಪಡಿಸಿದ ಎರಡನೆಯ ದಿನಕ್ಕೆ ಮಾತ್ರ ಹೀಬ್ರೂ ಮೂಲದಲ್ಲಿ ಆ ಮೆಚ್ಚುಗೆ ಇಲ್ಲ.

ಈ ಮೌನದ ಅರ್ಥವನ್ನು ಯೆಹೂದ್ಯ ರಬ್ಬಿಗಳು ಬಹುಕಾಲ ಧ್ಯಾನಿಸಿದರು. ಸುಮಾರು 5ನೆಯ ಶತಮಾನದಲ್ಲಿ ಸಂಗ್ರಹಗೊಂಡ 'ಬೆರೆಶೀತ್ ರಬ್ಬಾ' ಎಂಬ ವ್ಯಾಖ್ಯಾನ ಗ್ರಂಥದಲ್ಲಿ ಅವರ ಉತ್ತರಗಳಿವೆ. ಅಂದು ಲೋಕದಲ್ಲಿ ವಿಭಜನೆ ಹುಟ್ಟಿತು, ಆದ್ದರಿಂದ ಮೆಚ್ಚುಗೆಯಿಲ್ಲ ಎನ್ನುತ್ತಾರೆ ರಬ್ಬಿ ಹನಿನ. ಲೋಕದ ಹಿತಕ್ಕಾಗಿಯೇ ನಡೆದ ವಿಭಜನೆಗೇ ಮೆಚ್ಚುಗೆ ದೊರೆಯದಿದ್ದರೆ, ಲೋಕವನ್ನು ಕೆಡಿಸುವ ವಿಭಜನೆಯ ಗತಿಯೇನು ಎಂದು ರಬ್ಬಿ ತಬ್ಯೋಮಿ ಕೇಳುತ್ತಾರೆ. ರಬ್ಬಿ ಶೆಮುವೇಲ್ ಬಾರ್ ನಹ್ಮಾನರ ಉತ್ತರ ಬೇರೆ: ನೀರಿನ ಕೆಲಸ ಅಂದು ಪೂರ್ಣಗೊಂಡಿರಲಿಲ್ಲ, ಮರುದಿನ ನೀರೆಲ್ಲ ಒಂದೆಡೆ ಕೂಡಿ, ನೆಲ ಕಾಣಿಸಿಕೊಂಡ ಬಳಿಕವೇ ಬಾಕಿಯಿದ್ದ ಮೆಚ್ಚುಗೆಯೂ ಸಂದಿತು. ಫ್ರಾನ್ಸ್ ದೇಶದ ಮಹಾ ವ್ಯಾಖ್ಯಾನಕಾರ ರಾಶಿ (1040–1105) ಈ ಉತ್ತರವನ್ನೇ ಎತ್ತಿ ಹಿಡಿದರು.

ಅನ್ಯರ ವ್ಯಾಖ್ಯಾನ ನಮಗೇಕೆ ಎಂದು ಕೆಲವರು ಕೇಳಬಹುದು. ಯೆಹೂದ್ಯರೊಡನೆ ನಮಗಿರುವ ಆಧ್ಯಾತ್ಮಿಕ ನಂಟನ್ನು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಸ್ಮರಿಸಿದೆ. ಅವರ ಬೈಬಲ್ ಓದಿನಿಂದ ಕ್ರೈಸ್ತರು ಕಲಿಯಬೇಕಾದದ್ದು ಬಹಳವಿದೆಯೆಂದು ಪರಮಾಧಿಕಾರಿಗಳ ಬೈಬಲ್ ಆಯೋಗವೂ 2001ರಲ್ಲಿ ತಿಳಿಸಿದೆ. ಜಗತ್ತು ಯಾವ ದ್ರವ್ಯದಿಂದ, ಯಾವ ವಿಧಾನದಿಂದ ಆಯಿತೆಂಬುದು ವಿಜ್ಞಾನದ ಪ್ರಶ್ನೆ. ಅದು ಯಾವ ಉದ್ದೇಶಕ್ಕಾಗಿ ಆಯಿತೆಂಬುದು ಧರ್ಮಗ್ರಂಥದ ಪ್ರಶ್ನೆ. ರಬ್ಬಿಗಳು ಹಿಡಿದದ್ದು ಈ ಎರಡನೆಯ ದಾರಿ.

ವಿಭಜನೆಯೆಲ್ಲ ಕೆಡುಕೆಂದು ಅವರು ಹೇಳಲಿಲ್ಲ. ಬೇರ್ಪಡಿಸದೆ ಕ್ರಮವಿಲ್ಲ, ಕ್ರಮವಿಲ್ಲದೆ ಬದುಕಿಲ್ಲ. ಆದರೆ ಬೇರ್ಪಡಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದರಿಂದ ಎಲ್ಲರಿಗೂ ನಿಲ್ಲಲು ನೆಲ ದೊರೆತಾಗಲೇ ಅದು ಒಳ್ಳೆಯದಾಗುತ್ತದೆ.

ನೀರಿನ ಬೆಲೆಯನ್ನು ವಿಜಯಪುರದವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದಿಲಶಾಹಿ ಅರಸರು ತೊರವಿಯಿಂದಲೂ ಬೇಗಂ ತಲಾಬದಿಂದಲೂ ನಗರಕ್ಕೆ ನೀರು ತರಿಸಿದರು. ಬರಗಾಲದಲ್ಲಿ ತಿಕೋಟಾ ಭಾಗದ ರೈತರು ಟ್ಯಾಂಕರಿನಿಂದ ನೀರುಣಿಸಿ ದ್ರಾಕ್ಷಿ ಪಡಗಳನ್ನು ಉಳಿಸಿಕೊಂಡಿದ್ದಾರೆ. ಇಂದು ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಒಣನೆಲವನ್ನು ಮುಟ್ಟಿದೆ. ನೀರು ಬಂದಲ್ಲಿ ಪಾಳಿಯ ಮಾತೂ ಪಾಲಿನ ಮಾತೂ ಬರುತ್ತವೆ. ಕಾಲುವೆಯ ಮೊದಲ ಹೊಲ ತಣಿದು ಕೊನೆಯ ಹೊಲ ಒಣಗಿದರೆ, ನೀರಿನ ಕೆಲಸ ಇನ್ನೂ ಎರಡನೆಯ ದಿನದಲ್ಲೇ ನಿಂತಿದೆ ಎನ್ನಬೇಕು.

ಮನೆಯೊಳಗಿನ ಮಾತು ಇದಕ್ಕಿಂತ ಕಠಿಣ. ನೀರು ಬಂದ ನೆಲಕ್ಕೆ ಬೆಲೆ ಏರಿದಂತೆ ಅಣ್ಣತಮ್ಮಂದಿರ ವಾಟ್ನಿಯೂ ಅವಸರದ್ದಾಗುತ್ತದೆ. ಹೊಲವುಳ್ಳವರಿಗಷ್ಟೇ ಅಲ್ಲ, ನಗರದಲ್ಲಿ ಒಂದೇ ನಿವೇಶನವುಳ್ಳವರಿಗೂ ಈ ಮಾತು ಸಲ್ಲುತ್ತದೆ. ತಂದೆ ಉಯಿಲು ಬರೆಯದೆ ತೀರಿಕೊಂಡರೆ, ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮೂರರಲ್ಲೊಂದು ಪಾಲು ವಿಧವೆಗೆ ಸೇರುತ್ತದೆ. ಉಳಿದದ್ದು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮನಾಗಿ ಸಲ್ಲುತ್ತದೆ. ಹೀಗಿದ್ದರೂ ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕುವ ಅಕ್ಕತಂಗಿಯರಿಲ್ಲವೇ? ತಿಂಗಳಿಗೊಬ್ಬ ಮಗನ ಮನೆಯಂತೆ ಪಾಳಿಗೆ ಬಿದ್ದ ಮುದಿತಾಯಂದಿರಿಲ್ಲವೇ? ಕಾಗದಪತ್ರ ಸರಿಯಾಗಿದ್ದ ಮಾತ್ರಕ್ಕೆ ಇಂಥ ಪಾಲನ್ನು ದೇವರು ಮೆಚ್ಚುತ್ತಾರೆಂದು ನಾವು ತಿಳಿಯಬಾರದು.

ಸುಮಾರು ಕ್ರಿ.ಶ. 200ರಲ್ಲಿ ಕ್ರೋಡೀಕೃತವಾದ 'ಮಿಷ್ನಾ' ಇನ್ನೊಂದು ಪಾಠ ಹೇಳುತ್ತದೆ. ದೇವರು ಮೊದಲು ಒಬ್ಬನೇ ಮನುಷ್ಯನನ್ನು ಸೃಷ್ಟಿಸಿದ್ದೇಕೆ? ತನ್ನ ಮೂಲಪುರುಷನೇ ಹೆಚ್ಚಿನವನೆಂದು ಯಾರೂ ಯಾರೆದುರೂ ಹೇಳಿಕೊಳ್ಳದಿರಲೆಂದು. ಬಸವಣ್ಣನವರು ಹುಟ್ಟಿದ ಈ ಜಿಲ್ಲೆಯ ಜನರಿಗೆ ಈ ವಿಚಾರ ಅಪರಿಚಿತವಲ್ಲ. ಲೋಕದ ಜನರೆಲ್ಲ ಒಂದೇ ಮೂಲದವರೆಂದು ದೇವಾಲಯದಲ್ಲಿ ಒಪ್ಪಿಕೊಂಡು, ಮನೆಗೆ ಬಂದು ಒಡಹುಟ್ಟಿದವರನ್ನೇ ಹೊರಗಿಡುವುದು ಯಾವ ನ್ಯಾಯ?

ಪ್ರಿಯ ವಾಚಕರೇ, ಪಾಲು ಬೇಡವೆಂದು ನಾವು ಹೇಳುತ್ತಿಲ್ಲ. ಮನೆ ದೊಡ್ಡದಾದಾಗ ಒಲೆ ಬೇರೆಯಾಗುವುದು ಸಹಜ. ಆದರೆ ರುಜು ಹಾಕುವ ಮುನ್ನ ಎಲ್ಲರೂ ಕೂಡಿ ಕುಳಿತು ಮೂರು ಮಾತುಗಳನ್ನು ಇತ್ಯರ್ಥ ಮಾಡಿಕೊಳ್ಳಿರಿ: ತಾಯಿಯ ಬಾಳಿಗೆ ಆಧಾರವೇನು, ಅಕ್ಕತಂಗಿಯರಿಗೆ ಸಲ್ಲಬೇಕಾದದ್ದು ಸಂದಿತೇ, ಬಾವಿಯ ನೀರಿನ ಪಾಳಿ ದುರ್ಬಲನಿಗೂ ತಲುಪುವುದೇ? ಈ ಮೂರಕ್ಕೂ ಎಲ್ಲರೂ ಒಪ್ಪುವ ಉತ್ತರ ದೊರೆತ ದಿನವೇ ನಿಮ್ಮ ಮನೆಗೆ ಮೂರನೆಯ ದಿನ. ದೇವರ ಮೆಚ್ಚುಗೆ ಎರಡು ಬಾರಿ ಸಂದದ್ದು ಆ ದಿನಕ್ಕೇ.