ಜ್ವರ ಅಳೆಯುವ ಕಡ್ಡಿಯೊಳಗಿನ ವಿಷ

ಮಗುವಿಗೆ ಜ್ವರ. ಕಂಕುಳಲ್ಲಿ ಇಟ್ಟಿದ್ದ ಥರ್ಮಾಮೀಟರನ್ನು ತೆಗೆದು ನೋಡಿದ ತಾಯಿ, ಪಾದರಸ ಕೆಳಗಿಳಿಯಲೆಂದು ಅದನ್ನು ಜೋರಾಗಿ ಕೊಡವುತ್ತಾರೆ. ಮಂಚದ ಅಂಚಿಗೆ ತಗಲಿ ಗಾಜು ಒಡೆಯುತ್ತದೆ. ನೆಲದ ತುಂಬ ಬೆಳ್ಳಿಯ ಗುಂಡುಗಳು. ಮಕ್ಕಳಿಗೆ ಹಬ್ಬ! ಬೆರಳಿನಿಂದ ತಳ್ಳಿದರೆ ಒಂದು ಗುಂಡು ನಾಲ್ಕಾಗುತ್ತದೆ, ನಾಲ್ಕು ಸೇರಿ ಮತ್ತೆ ಒಂದಾಗುತ್ತದೆ. ಅದನ್ನು ಬೆಂಕಿಪೊಟ್ಟಣದಲ್ಲಿ ತುಂಬಿಕೊಂಡು ಮರುದಿನ ಗೆಳೆಯರಿಗೆ ತೋರಿಸಲು ಶಾಲೆಗೆ ಒಯ್ದ ಹುಡುಗರು ಎಷ್ಟೋ ಮಂದಿ. ದೊಡ್ಡವರ ಚಿಂತೆಯೆಲ್ಲ ಒಡೆದ ಗಾಜು ಯಾರ ಕಾಲಿಗೂ ಚುಚ್ಚದಿರಲಿ ಎಂಬುದು. ಪೊರಕೆಯಿಂದ ಗುಡಿಸಿ ತಿಪ್ಪೆಗೆ ಎಸೆದರೆ ಮುಗಿಯಿತು.

ಆದರೆ ಅಲ್ಲಿಗೆ ಮುಗಿಯುವುದಿಲ್ಲ. ಆ ಮನೆಯಲ್ಲಿ ನಿಜವಾಗಿ ಭಯಪಡಬೇಕಾದದ್ದು ಗಾಜಿಗಲ್ಲ, ಗುಂಡುಗಳಿಗೆ.

ಸಾಮಾನ್ಯ ಉಷ್ಣತೆಯಲ್ಲಿ ದ್ರವವಾಗಿರುವ ಲೋಹ ಪಾದರಸ. ನೀರಿಗಿಂತ 13.6 ಪಟ್ಟು ಭಾರ. ಬಿಸಿ ತಗಲಿದರೆ ಸಮನಾಗಿ ಹಿಗ್ಗುತ್ತದೆ, ಗಾಜಿಗೆ ಅಂಟುವುದಿಲ್ಲ. ಈ ಗುಣಗಳಿಂದಾಗಿಯೇ 1714ರಲ್ಲಿ ಫ್ಯಾರನ್‌ಹೀಟ್ ಅದನ್ನು ಉಷ್ಣಮಾಪಕಕ್ಕೆ ತುಂಬಿದ. 1896ರಲ್ಲಿ ಇಟಲಿಯ ರಿವಾ ರೋಚ್ಚಿ ರಕ್ತದೊತ್ತಡ ಅಳೆಯಲು ಬಳಸಿದ. ಇಂದಿಗೂ ವೈದ್ಯರು ‘120/80’ ಎಂದು ಬರೆಯುವುದು ಪಾದರಸದ ಕಂಬ ಎಷ್ಟು ಮಿಲಿಮೀಟರ್ ಏರಿತು ಎಂಬ ಲೆಕ್ಕದಲ್ಲೇ.

ಒಂದು ಥರ್ಮಾಮೀಟರಿನಲ್ಲಿ ಇರುವುದು ಸುಮಾರು ಒಂದು ಗ್ರಾಂ ಪಾದರಸ. ಬಿ.ಪಿ. ಉಪಕರಣದಲ್ಲಿ ಎಂಬತ್ತು, ನೂರು ಗ್ರಾಂ. ಒಂದು ಗ್ರಾಂ ಏನು ಮಹಾ ಎನ್ನಿಸಬಹುದು. ಆದರೆ ಚೆಲ್ಲಿದ ಪಾದರಸ ಸುಮ್ಮನೆ ಬಿದ್ದಿರುವುದಿಲ್ಲ. ನೀರಿನಂತೆ ಅದೂ ಆವಿಯಾಗುತ್ತದೆ. ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಇಲ್ಲೊಂದು ವಿಚಿತ್ರವಿದೆ. ಲೋಹರೂಪದ ಪಾದರಸವನ್ನು ಯಾರಾದರೂ ಆಕಸ್ಮಿಕವಾಗಿ ನುಂಗಿದರೆ ಅದು ಕರುಳಿನಲ್ಲಿ ಹೀರಿಕೆಯಾಗುವುದು ಬಹಳ ಅತ್ಯಲ್ಪ. ಅದೇ ಆವಿಯನ್ನು ಉಸಿರಾಡಿದರೆ ಸುಮಾರು ಶೇ. 80ರಷ್ಟು ಶ್ವಾಸಕೋಶದ ಮೂಲಕ ರಕ್ತಕ್ಕೆ ಸೇರುತ್ತದೆ; ಅಲ್ಲಿಂದ ಮೆದುಳಿಗೆ, ಮೂತ್ರಪಿಂಡಕ್ಕೆ. ಹೆಚ್ಚು ಅಪಾಯ ನೆಲದ ಮೇಲೆ ಆಡುವ ಪುಟ್ಟ ಮಕ್ಕಳಿಗೆ, ಗರ್ಭಿಣಿಯರಿಗೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ನೆಲದ ಬಿರುಕಿಗೆ ಇಳಿದ ಹನಿ ತಿಂಗಳುಗಟ್ಟಲೆ ಆವಿ ಬಿಡುತ್ತಲೇ ಇರಬಹುದು.

ಇನ್ನು ತಿಪ್ಪೆ, ಚರಂಡಿ ಸೇರಿದ ಪಾದರಸದ ಕಥೆಯೇ ಬೇರೆ. ಕಸ ಸುಟ್ಟರೆ ಅದು ಗಾಳಿಗೆ ಹಾರಿ, ಮಳೆಯೊಂದಿಗೆ ಕೆರೆ, ಹೊಳೆಗೆ ಇಳಿಯುತ್ತದೆ. ಅಲ್ಲಿನ ಕೆಸರಿನಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಇನ್ನೂ ಘೋರವಾದ ಮಿಥೈಲ್ ಪಾದರಸವನ್ನಾಗಿ ಮಾಡುತ್ತವೆ. ಪಾಚಿಯಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಹೋಗುತ್ತ ಹೋಗುತ್ತ ವಿಷದ ಪ್ರಮಾಣ ಏರುತ್ತದೆ. ಕೊನೆಗೆ ಮನುಷ್ಯನ ತಟ್ಟೆಗೆ.

ಇದರ ಪರಿಣಾಮವನ್ನು ಜಗತ್ತು ನೋಡಿದ್ದು ಜಪಾನಿನ ಮಿನಮಾಟಾದಲ್ಲಿ. ಅಲ್ಲಿ ಚಿಸ್ಸೋ ಎಂಬ ರಾಸಾಯನಿಕ ಕಾರ್ಖಾನೆ ತನ್ನ ತ್ಯಾಜ್ಯವನ್ನು ಕೊಲ್ಲಿಗೆ ಬಿಡುತ್ತಿತ್ತು. ಮೊದಲು ಊರಿನ ಬೆಕ್ಕುಗಳು ಹುಚ್ಚು ಹಿಡಿದಂತೆ ಕುಣಿದು ಸತ್ತವು. ಆಮೇಲೆ ಮೀನುಗಾರರ ಕೈಕಾಲು ನಡುಗತೊಡಗಿತು, ಮಾತು ತೊದಲಿತು, ದೃಷ್ಟಿ ಕುಗ್ಗಿತು. ಅದೊಂದು ಹೊಸ ಕಾಯಿಲೆಯೆಂದು ಅಧಿಕೃತವಾಗಿ ದಾಖಲಾದದ್ದು 1956ರ ಮೇ 1ರಂದು. ನೋಡಲು ಆರೋಗ್ಯವಾಗಿದ್ದ ತಾಯಂದಿರಿಗೂ ಮಿದುಳು ಹಾನಿಗೊಂಡ ಮಕ್ಕಳು ಹುಟ್ಟಿದರು. ತಾಯಿ ತಿಂದ ವಿಷ ಹೊಟ್ಟೆಯಲ್ಲಿದ್ದ ಕೂಸಿಗೆ ಹೋಗಿತ್ತು.

ಅದು ದೂರದ ಕಥೆ ಎನ್ನುವ ಹಾಗಿಲ್ಲ. ತಮಿಳುನಾಡಿನ ಗಿರಿಧಾಮ ಕೊಡೈಕೆನಾಲ್‌ನಲ್ಲಿ 1980ರ ದಶಕದಲ್ಲಿ ಪಾದರಸದ ಥರ್ಮಾಮೀಟರ್ ಕಾರ್ಖಾನೆಯೊಂದು ಆರಂಭವಾಯಿತು. ಅಮೆರಿಕದಲ್ಲಿ ಮುಚ್ಚಿದ ಕಾರ್ಖಾನೆಯ ಯಂತ್ರಗಳೇ ಇಲ್ಲಿಗೆ ಬಂದಿದ್ದವು. ಮುಂದೆ ಅದು ಹಿಂದುಸ್ತಾನ್ ಲಿವರ್ ಕಂಪನಿಯ ಪಾಲಾಯಿತು. 2001ರಲ್ಲಿ ಊರಿನ ಗುಜರಿ ಅಂಗಡಿಯೊಂದರಲ್ಲಿ ಪಾದರಸ ಮೆತ್ತಿದ ಗಾಜಿನ ಚೂರುಗಳ ರಾಶಿ ಸಿಕ್ಕಿ, ಜನ ಪ್ರತಿಭಟಿಸಿ, ಕಾರ್ಖಾನೆ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ಪಾದರಸಯುಕ್ತ ತ್ಯಾಜ್ಯವನ್ನು ಹಡಗಿನಲ್ಲಿ ಅಮೆರಿಕಕ್ಕೇ ವಾಪಸು ಕಳಿಸಲಾಯಿತು. ಪಾದರಸದಿಂದ ತಮ್ಮ ಆರೋಗ್ಯ ಕೆಟ್ಟಿತೆಂದು ಕಾರ್ಮಿಕರು ಹೇಳುತ್ತ ಬಂದರು. ಕಂಪನಿ ಅದನ್ನು ಒಪ್ಪಲಿಲ್ಲ. ಕೊನೆಗೆ 2016ರಲ್ಲಿ 591 ಮಾಜಿ ಕಾರ್ಮಿಕರೊಂದಿಗೆ ಒಪ್ಪಂದವಾಯಿತು. ಯಾರದೋ ಜ್ವರ ಅಳೆಯುವ ಕಡ್ಡಿಗಾಗಿ ಇನ್ಯಾರೋ ಹದಿನೈದು ವರ್ಷ ನ್ಯಾಯಕ್ಕೆ ಕಾಯಬೇಕಾಯಿತು.

ಮಿನಮಾಟಾದ ಹೆಸರಿನಲ್ಲೇ 2013ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವೊಂದು ರೂಪುಗೊಂಡು 2017ರಲ್ಲಿ ಜಾರಿಗೆ ಬಂತು. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಪಾದರಸದ ಥರ್ಮಾಮೀಟರ್ ಮತ್ತು ಬಿ.ಪಿ. ಉಪಕರಣಗಳ ತಯಾರಿಕೆ, ಆಮದು, ರಫ್ತುಗಳನ್ನು ನಿಲ್ಲಿಸಲು ಒಪ್ಪಂದ ಇಟ್ಟ ಗಡುವು 2020. ಕೇಳಿಕೊಂಡ ದೇಶಗಳಿಗೆ ಹೆಚ್ಚಿನ ಕಾಲಾವಕಾಶವೂ ಇತ್ತು. ಆದರೆ ಹೊಸದು ತಯಾರಾಗದಿದ್ದರೂ ಹಳೆಯದು ಮಾಯವಾಗುವುದಿಲ್ಲ. ಮನೆಯ ಬೀರುವಿನಲ್ಲಿ, ಶಾಲೆಯ ಪ್ರಯೋಗಾಲಯದಲ್ಲಿ, ಎಷ್ಟೋ ಕ್ಲಿನಿಕ್ಕುಗಳ ಮೇಜಿನ ಮೇಲೆ ಅದು ಇನ್ನೂ ಇದೆ.

ಬದಲಿಗೇನು? ಡಿಜಿಟಲ್ ಥರ್ಮಾಮೀಟರ್ ಸಿಗುತ್ತದೆ. ಸರಿಯಾಗಿ ಬಳಸಿದರೆ ಜ್ವರ ನೋಡಲು ಅದು ಧಾರಾಳವಾಗಿ ಸಾಕು. ಆದರೆ ಅದರೊಳಗಿನ ಗುಂಡಿಯಂಥ ಬ್ಯಾಟರಿಯನ್ನು ಮಕ್ಕಳು ನುಂಗಿದರೆ ಪ್ರಾಣಕ್ಕೇ ಅಪಾಯ. ಅದು ಅವರ ಕೈಗೆ ಸಿಗಬಾರದು. ಬಿ.ಪಿ. ನೋಡಲು ಮುಳ್ಳಿನ ಮತ್ತು ಎಲೆಕ್ಟ್ರಾನಿಕ್ ಉಪಕರಣಗಳಿವೆ. ಅವುಗಳ ಲೆಕ್ಕ ಸರಿಯಿದೆಯೇ ಎಂದು ಆಗಾಗ ಪರೀಕ್ಷಿಸುತ್ತಿರಬೇಕು, ಅಷ್ಟೆ.

ಹಳೆಯ ಥರ್ಮಾಮೀಟರ್ ಒಡೆದರೆ ಏನು ಮಾಡಬೇಕು? ಮೊದಲು ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಹೊರಗೆ ಕಳಿಸಿ. ಕಿಟಕಿ ತೆರೆಯಿರಿ, ಫ್ಯಾನ್ ಆರಿಸಿ. ಪೊರಕೆ ಬೇಡ, ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡವೇ ಬೇಡ. ಎರಡೂ ಹನಿಗಳನ್ನು ಒಡೆದು ಹರಡುತ್ತವೆ. ಉಂಗುರ, ಬಳೆ ತೆಗೆದಿಡಿ, ಪಾದರಸ ಚಿನ್ನಕ್ಕೆ ಅಂಟಿಕೊಳ್ಳುತ್ತದೆ. ಕೈಗವಸು ತೊಟ್ಟು ಎರಡು ದಪ್ಪ ಕಾಗದದ ತುಂಡುಗಳಿಂದ ಹನಿಗಳನ್ನು ಮೆಲ್ಲಗೆ ಒಂದೆಡೆ ಸೇರಿಸಿ. ಇಂಕ್ ಫಿಲ್ಲರಿನಿಂದ ಹೀರಿ, ಸ್ವಲ್ಪ ನೀರಿರುವ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿ. ಟಾರ್ಚನ್ನು ನೆಲಕ್ಕೆ ಓರೆಯಾಗಿ ಹಿಡಿದರೆ ಉಳಿದ ಹನಿಗಳು ಹೊಳೆಯುತ್ತವೆ. ಅವನ್ನು ಅಂಟುಪಟ್ಟಿಯಿಂದ ಎತ್ತಿ. ಡಬ್ಬಿಯ ಮೇಲೆ ‘ಪಾದರಸ’ ಎಂದು ಬರೆದು, ಅಪಾಯಕಾರಿ ತ್ಯಾಜ್ಯ ಸ್ವೀಕರಿಸುವವರಿಗೇ ಕೊಡಬೇಕು. ಎಲ್ಲಿ ಕೊಡುವುದೆಂದು ಊರಿನ ನಗರಸಭೆ ಅಥವಾ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ವಿಚಾರಿಸಬಹುದು. ಸಿಂಕಿಗೆ ಸುರಿಯುವುದು, ಕಸದ ಬುಟ್ಟಿಗೆ ಹಾಕುವುದು ಸಲ್ಲದು.

ವಿದ್ಯಾರ್ಥಿಗಳು ಇಂದೇ ಒಂದು ಕೆಲಸ ಮಾಡಬಹುದು. ಮನೆಯಲ್ಲಿ ಥರ್ಮಾಮೀಟರ್ ಎಲ್ಲಿದೆ, ಅದರೊಳಗೆ ಇರುವುದೇನು ಎಂದು ನೋಡಿ. ಬೆಳ್ಳಿಯಂತೆ ಹೊಳೆಯುವ ಗೆರೆ ಕಂಡರೆ, ಅದು ಒಡೆಯುವ ಮೊದಲೇ ಅಪ್ಪ ಅಮ್ಮನಿಗೆ ಈ ವಿಷಯ ತಿಳಿಸಿ.