ಎಸೆಯೋ ಕಂಪ್ಯೂಟರ್ ಅಲ್ಲ ಅದು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗೀತು, 11ಕ್ಕೆ ಬನ್ನಿ ಅಂತು ಮೈಕ್ರೋಸಾಫ್ಟ್. 11 ಬೇಕಂದ್ರೆ ಟಿಪಿಎಂ 2.0 ಇರಬೇಕು, ಇಂಟೆಲ್ ಪ್ರೊಸೆಸರ್ ಆದ್ರೆ ಎಂಟನೇ ತಲೆಮಾರಿನದು ಅಥವಾ ಅದರ ಮುಂದಿನದಾಗಿರಬೇಕು. ನಮ್ಮ ಕೇರಿಗಳಲ್ಲಿ ಕಂಪ್ಯೂಟರ್ ಮುಟ್ಟಿದ ಮೊದಲ ತಲೆಮಾರೇ ಇನ್ನೂ ಡಿಗ್ರಿ ಓದ್ತಿದೆ ಸ್ವಾಮಿ, ಎಂಟನೆಯದನ್ನ ಎಲ್ಲಿಂದ ತರೋಣ?

ನಮ್ಮನೇದು ಸೆಕೆಂಡ್ ಹ್ಯಾಂಡ್, ಮೂರನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್. ರಿಪೇರಿ ಅಂಗಡಿಯವನು "ಇದು ಸ್ಕ್ರ್ಯಾಪು ಸಾರ್" ಅಂದ. ಯಂತ್ರ ಕೆಟ್ಟಿಲ್ಲ, ಹೊರಗಿಟ್ಟಿದ್ದಾರೆ ಅಷ್ಟೆ. ಹೊರಗಿಡೋದು ಅಂದ್ರೇನು ಅಂತ ನಮಗೆ ಯಾರೂ ಪಾಠ ಮಾಡಬೇಕಿಲ್ಲ.

"ಮುನ್ನೂರು ರೂಪಾಯಿಗೆ ಕ್ರ್ಯಾಕ್ ವಿಂಡೋಸ್ ಹಾಕ್ಕೊಡ್ತಾರೆ ಬಿಡಣ್ಣ" ಅನ್ನೋ ಗೆಳೆಯರಿಗೆ ಒಂದು ಮಾತು. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ರೋನಾ ವಿಲ್ಸನ್ ಅವರ ಲ್ಯಾಪ್‌ಟಾಪಿಗೆ ನೆಟ್‌ವೈರ್ ಅನ್ನೋ ಮಾಲ್‌ವೇರ್ ಬಿಟ್ಟು, ಅವರಿಗೇ ಗೊತ್ತಿಲ್ಲದ ಪತ್ರಗಳನ್ನ ಅದರೊಳಗೆ ತುರುಕಲಾಗಿತ್ತು ಅಂತ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ 2021ರಲ್ಲಿ ವರದಿ ಕೊಟ್ಟಿದ್ದು ಮರೆತುಹೋಯ್ತಾ? ಲಿನಕ್ಸ್ ಹಾಕಿದ್ರೆ ಯಾರೂ ಕನ್ನ ಕೊರೆಯಲ್ಲ ಅಂತ ನಾನು ಹೇಳ್ತಿಲ್ಲ. ಆದ್ರೆ ಯಾರೋ ಒಡೆದು ಕೊಟ್ಟ, ಅಪ್‌ಡೇಟ್ ನಿಂತುಹೋದ ಸಿಸ್ಟಮ್ಮಿನಲ್ಲಿ ದೌರ್ಜನ್ಯ ಕೇಸುಗಳ ಸಂತ್ರಸ್ತರ ಹೆಸರು, ಫೋನ್ ನಂಬರು, ಸಾಕ್ಷಿಗಳ ಹೇಳಿಕೆ ಇಟ್ಟುಕೊಂಡು ಕೂರೋದು ನಮ್ಮನ್ನ ನಂಬಿದ ಜನಕ್ಕೆ ಮಾಡೋ ದ್ರೋಹ.

ನಾನು ಪೆನ್ ಡ್ರೈವ್‌ನಲ್ಲೇ ಮೂರು ಲಿನಕ್ಸ್‌ಗಳನ್ನ ಓಡಿಸಿ ನೋಡಿದೆ. ಇದನ್ನ 'ಲೈವ್' ಅಂತಾರೆ. ಒಳಗಿರೋ ವಿಂಡೋಸನ್ನೂ ಫೈಲುಗಳನ್ನೂ ಮುಟ್ಟದೆ ಕಂಪ್ಯೂಟರ್ ಪೆನ್ ಡ್ರೈವ್‌ನಿಂದಲೇ ಆನ್ ಆಗುತ್ತೆ, ಬೇಡ ಅನ್ನಿಸಿದ್ರೆ ಕಿತ್ತು ಜೇಬಿಗಿಟ್ಕೊಳ್ಳಿ. ಲುಬುಂಟು ಹಗುರ, ಅಚ್ಚುಕಟ್ಟು, ದೂರೇನಿಲ್ಲ. ಆಂಟಿಎಕ್ಸ್ ಇನ್ನೂ ಹಗುರ, 512 ಎಂಬಿ ರ‍್ಯಾಮಿನ ಮುದಿ ಯಂತ್ರದಲ್ಲೂ ಏಳುತ್ತೆ. ಅದನ್ನ ಕಟ್ಟೋರು ನಾವು ಫ್ಯಾಸಿಸ್ಟ್ ವಿರೋಧಿಗಳು ಅಂತ ಬಹಿರಂಗವಾಗೇ ಹೇಳ್ಕೋತಾರೆ. 19ನೇ ಆವೃತ್ತಿಗೆ ಮರಿಯೆಲ್ ಫ್ರಾಂಕೋ ಹೆಸರಿಟ್ಟಿದ್ರು. ರಿಯೊ ಡಿ ಜನೈರೊದ ಕೊಳಗೇರಿಯಲ್ಲಿ ಬೆಳೆದು, ನಗರಸಭೆಗೆ ಆರಿಸಿ ಬಂದು, 2018ರಲ್ಲಿ ಗುಂಡೇಟಿಗೆ ಬಲಿಯಾದ ಕಪ್ಪು ಹೆಣ್ಣುಮಗಳು ಅವರು. ಆ ಹೆಸರು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಆದ್ರೆ ಪ್ರೀತಿ ಬೇರೆ, ದಿನದ ಕೆಲಸ ಬೇರೆ. ಅದರ ಮುಖ ಹೊಸಬರನ್ನ ಹೆದರಿಸುತ್ತೆ. ಕೊನೆಗೆ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ ಉಳಿಸ್ಕೊಂಡೆ. ಎಡಗಡೆ ಕೆಳಗೆ ಮೆನು, ಕ್ಲಿಕ್ ಮಾಡಿದ್ರೆ ಎಲ್ಲ ಸಿಗುತ್ತೆ, ವಿಂಡೋಸ್ ಗೊತ್ತಿರೋರಿಗೆ ಅರ್ಧ ಗಂಟೆ ಸಾಕು. 2 ಜಿಬಿ ರ‍್ಯಾಮಿಗೂ ನಡೆಯುತ್ತೆ, 4 ಇದ್ರೆ ಆರಾಮು. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಜೊತೆಗೇ ಬರುತ್ತೆ. ಬ್ರೌಸರಿನಲ್ಲಿ ಇಪ್ಪತ್ತು ಟ್ಯಾಬ್ ತೆರೆದು ಕೂತ್ರೆ ಮಾತ್ರ ಯಾವ ಲಿನಕ್ಸೂ ನಿಮ್ಮನ್ನ ಕಾಪಾಡಲ್ಲ.

"ಲಿನಕ್ಸ್ ಎಲ್ಲ ಮೇಲ್ಜಾತಿ ಇಂಜಿನಿಯರುಗಳ ಶೋಕಿ, ನಮಗ್ಯಾಕೆ?" ಅಂತ ನಮ್ಮವರೇ ಕೇಳ್ತಾರೆ. ಈ ಮಾತನ್ನ ಹಗುರವಾಗಿ ತಗೋಬೇಡಿ. ಹೊಸಬರು ಒಂದು ಪ್ರಶ್ನೆ ಕೇಳಿದ್ರೆ "ಮೊದಲು ಮ್ಯಾನ್ಯುಯಲ್ ಓದ್ಕೊಂಡು ಬಾ" ಅಂತ ಗದರಿಸೋ ಪಂಡಿತರು ಅಲ್ಲಿ ಬೇಕಾದಷ್ಟಿದ್ದಾರೆ. ಟರ್ಮಿನಲ್ ಬಾರದವನು ಅಶುದ್ಧ, ಮಿಂಟ್ ಹಾಕಿದವನು ಕೀಳು, ತಾನೇ ಎಲ್ಲ ಕಂಪೈಲ್ ಮಾಡಿದವನು ಮೇಲು. ಮಡಿ ಎಲ್ಲಿಗೆ ಹೋದ್ರೂ ಬಿಡಲ್ಲ ನೋಡಿ.

ಹಾಗಂತ ಬಿಟ್ಟು ಬರೋಣವಾ? ಮಹಾಡ್‌ನ ಚೌಡಾರ್ ಕೆರೆ ಕಾಗದದ ಮೇಲೆ ಎಲ್ಲರಿಗೂ ತೆರೆದೇ ಇತ್ತು. ಸಾರ್ವಜನಿಕ ಕೆರೆ ಬಾವಿಗಳನ್ನ ಅಸ್ಪೃಶ್ಯರಿಗೆ ತೆರೆಯಬೇಕು ಅನ್ನೋ ನಿರ್ಣಯವನ್ನ ಬೊಂಬಾಯಿ ವಿಧಾನ ಪರಿಷತ್ತು 1923ರಲ್ಲೇ ಮಾಡಿತ್ತು, ಊರಿನ ಪುರಸಭೆಯೂ ಒಪ್ಪಿತ್ತು. ಆದ್ರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಹೋಗಿ ನೀರು ಮುಟ್ಟಬೇಕಾಯ್ತು. ಲಿನಕ್ಸಿನ ಲೈಸೆನ್ಸೂ ಅಷ್ಟೇ. ಯಾರು ಬೇಕಾದ್ರೂ ಬಳಸಿ, ಬಿಚ್ಚಿ ನೋಡಿ, ತಿದ್ದಿ, ಹಂಚಿ ಅಂತ ಬರೆದಿದೆ. ದಡದಲ್ಲಿ ಕೂತು ದಬಾಯಿಸೋರ ಮುಖ ನೋಡಿ ನೀರನ್ನೇ ಬೈದ್ರೆ ಹೇಗೆ? ಬೆಂಗಳೂರಿನ ಕೊಳಗೇರಿಯೊಂದರಲ್ಲಿ ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್ ಅಂತ ಮಾಡಿ, ಅಲ್ಲಿನ ಮಕ್ಕಳು ಇದೇ ಮುಕ್ತ ತಂತ್ರಾಂಶದಲ್ಲಿ ಚಿತ್ರ ಬಿಡಿಸೋದು ಕಲಿತದ್ದೂ ಈ ನಾಡಿನ ಕಥೆಯೇ.

ಇನ್ನು ಕನ್ನಡ. ಐಬಸ್ ಹಾಕ್ಕೊಂಡ್ರೆ ಕೆಜಿಪಿ ವಿನ್ಯಾಸ ಸಿಗುತ್ತೆ, ನುಡಿಗೆ ಪಳಗಿದ ಬೆರಳಿಗೆ ಕಷ್ಟವಿಲ್ಲ. ಕಷ್ಟ ಇರೋದು ಹಳೇ ಫೈಲುಗಳಲ್ಲಿ. ನಮ್ಮ ಸಂಘಟನೆಗಳ ಕರಪತ್ರ, ಸತ್ಯಶೋಧನಾ ವರದಿ, ಮನವಿಗಳೆಲ್ಲ ಯೂನಿಕೋಡ್ ಅಲ್ಲದ ಹಳೇ ನುಡಿ, ಬರಹ ಫಾಂಟುಗಳಲ್ಲಿ ಕೂತಿವೆ. ಆ ಫಾಂಟ್ ಇಲ್ಲದೆ ತೆರೆದ್ರೆ ಬರೀ ಗೀಚು. ನಮ್ಮ ಚಳವಳಿಯ ಚರಿತ್ರೆ ಒಂದು ಫಾಂಟಿಗೆ ಜೀತಕ್ಕೆ ಬಿದ್ದಿದೆ. ಇವತ್ತಲ್ಲ ನಾಳೆ ಅವನ್ನ ಯೂನಿಕೋಡಿಗೆ ಬದಲಿಸಲೇಬೇಕು, ವಿಂಡೋಸ್ ಇರಲಿ ಬಿಡಲಿ. ಟ್ಯಾಲಿ ಕೆಲಸ ಮಾಡೋರು, ಬಯೋಮೆಟ್ರಿಕ್ ಯಂತ್ರ ಇಟ್ಕೊಂಡಿರೋರು ಮಾತ್ರ ವಿಂಡೋಸನ್ನ ಪಕ್ಕದಲ್ಲೇ ಉಳಿಸ್ಕೊಳ್ಳಿ, ಎರಡೂ ಒಂದೇ ಡಿಸ್ಕಿನಲ್ಲಿ ಇರಬಹುದು.

ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಲಿನಕ್ಸಿನಲ್ಲೇ ಐಟಿ ಕಲೀತಿದ್ದಾರೆ. ನಮ್ಮ ಹಾಸ್ಟೆಲುಗಳಿಗೆ ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣದಲ್ಲಿ ಕಂಪ್ಯೂಟರ್ ತಂದಿದ್ರೆ ಎಷ್ಟು ತಂದ್ರು, ಲೈಸೆನ್ಸಿಗೆ ಎಷ್ಟು ಕೊಟ್ರು, ಈಗ ಎಷ್ಟು ನಡೀತಿವೆ? ನಿಮ್ಮ ತಾಲ್ಲೂಕಿನ ಸಮಾಜ ಕಲ್ಯಾಣ ಇಲಾಖೆಗೆ ಒಂದೊಂದು ಆರ್‌ಟಿಐ ಹಾಕಿ. ಅರ್ಜಿಯ ನಮೂನೆಯನ್ನ ಕಾಮೆಂಟಿನಲ್ಲಿ ಹಾಕ್ತೀನಿ, ಯೂನಿಕೋಡಿನಲ್ಲೇ. ಮಿಂಟ್ ನೋಡಬೇಕು ಅನ್ನೋರು 8 ಜಿಬಿ ಪೆನ್ ಡ್ರೈವ್ ತನ್ನಿ. ಒಳಗಿರೋ ಫೋಟೋಗಳನ್ನ ಮೊದಲು ಬೇರೆ ಕಡೆ ಕಾಪಿ ಮಾಡ್ಕೊಳ್ಳಿ, ಅಳಿಸಿಹೋಗ್ತವೆ.

ಜೈಭೀಮ್.